ಸುವರ್ಣಗಡ್ಡೆ: ಮೊದಲು ಬೀಜದ ಲೆಕ್ಕ



ಸುವರ್ಣಗಡ್ಡೆ ಹಚ್ಚಿದರೆ ಹೆಂಗ ಎಂದು ಲಿಂಗಸುಗೂರು ಕಡೆಯ ಹುಡುಗರು ನನ್ನನ್ನು ಕೇಳುತ್ತಾರೆ. ಲಾಭ ಎಣಿಸುವ ಮೊದಲು ಬೀಜದ ಲೆಕ್ಕ ಹಾಕಿರಿ. ಮೂರಡಿಗೊಂದು ಗುಂಡಿ ಎಂದರೆ ಎಕರೆಗೆ 4,840 ಗುಂಡಿ. ಗುಂಡಿಗೆ ಅರ್ಧ ಕಿಲೋ ಬೀಜದಂತೆ 24 ಕ್ವಿಂಟಲ್! ಕಿಲೋಕ್ಕೆ 30 ರೂಪಾಯಿ ಹಿಡಿದರೂ 72 ಸಾವಿರ ದಾಟಿತು. ಎಕರೆಗೆ ಮೂರು ಕಿಲೋ ಜೋಳ ಬಿತ್ತಿದ ಕೈ ಇಷ್ಟು ದುಡ್ಡು ಎಲ್ಲಿಂದ ತರಬೇಕು? ಸಾವಕಾರನ ಕಟ್ಟೆಯಿಂದಲೇ.

ನಾನು ಹತ್ತು ಗುಂಟೆ ಹಚ್ಚಿ ನೋಡೀನಿ. ಎರೆ ಹೊಲದಾಗ ನೀರು ನಿಂತು ಕಾಲುಭಾಗ ಕೊಳೆತು ಹೋಯ್ತು. ತಪ್ಪು ನಂದೇ, ಈ ಬೆಳೆಗೆ ನೀರು ಬಸಿಯುವ ಮಸಾರಿ ಬೇಕು.

ಸಣ್ಣ ರೈತನಿಗೆ ಒಂದು ದಾರಿ ಇದೆ. ತಿರುವನಂತಪುರದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೋರಿಸಿದ್ದು. ಸುಳಿಯ ಭಾಗ ಬರುವಂತೆ ಗಡ್ಡೆಯನ್ನು 100 ಗ್ರಾಂ ತುಂಡು ಮಾಡಿ, ಸಗಣಿ ರಾಡಿಯಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ಎರಡಡಿ-ಒಂದೂವರೆ ಅಡಿಗೆ ಒತ್ತಾಗಿ ಹಚ್ಚುವುದು. 15 ಗುಂಟೆಗೆ ಐದೂವರೆ ಕ್ವಿಂಟಲ್ ಸಾಕು, ಖರ್ಚು 16 ಸಾವಿರದ ಆಸುಪಾಸು. ಎಂಟೊಂಬತ್ತು ತಿಂಗಳಿಗೆ ಮುಂದಿನ ವರ್ಷದ ಒಂದೆಕರೆ ಬೀಜ ನಿಮ್ಮ ಮನೆಯಲ್ಲೇ.

ಆದರೆ ಆ ವರ್ಷ ಮಾರಲು ಏನೂ ಇಲ್ಲ. ಒಲೆ ಉರಿಯುವುದು ಹೆಂಗ? ಬೆಳೆಸಾಲದ ಗಡುವು ಒಂದು ವರ್ಷದ್ದು, ಈ ಕೆಲಸ ಎರಡು ವರ್ಷದ್ದು. ಕೇಂದ್ರದ ಬೆಂಬಲ ಬೆಲೆಯ 22 ಬೆಳೆಗಳ ಪಟ್ಟಿಯಲ್ಲಿ ಗಡ್ಡೆಯ ಹೆಸರೇ ಇಲ್ಲ. ಹೊಸ ಬೆಳೆ ಬೆಳೆಯಿರಿ ಎಂದು ಉಪದೇಶ ಮಾಡುವವರು ಬೀಜಕ್ಕೆ ಎರಡು ವರ್ಷದ ಗಡುವಿನ ಸಾಲ ಕೊಡಿಸಲಿ. ಅಲ್ಲಿತನಕ ಯಾರೂ ಎಕರೆಗಟ್ಟಲೆ ಹಚ್ಚಬೇಡಿರಿ, ನಾಲ್ಕು ಗುಂಟೆಯಿಂದ ಸುರು ಮಾಡಿರಿ.