ಸರೋವರಕ್ಕೆ ಬಂದ ಕಡಲ ಮರಿ

ಮಕ್ಕಳೇ, ಅಮೆರಿಕದ ಸುಪೀರಿಯರ್ ಸರೋವರಕ್ಕೆ ಸೆಪ್ಟೆಂಬರ್‌ನಲ್ಲಿ ಒಬ್ಬ ಕಳ್ಳ ಬರುತ್ತಾನೆ. ಗಲ್ ಹಕ್ಕಿಗಳನ್ನು ಅಟ್ಟಾಡಿಸಿ ಅವುಗಳ ಬಾಯಿಯ ಮೀನು ಕಸಿಯುವ ಜೇಗರ್ ಅದು. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಬೇಟೆಗಾರ. ಉತ್ತರ ಧ್ರುವದ ಸುತ್ತಲಿನ ಬಯಲಲ್ಲಿ ಹುಟ್ಟಿ, ದಕ್ಷಿಣದ ಕಡಲಿಗೆ ಹೊರಟ ಮರಿಗಳು ಇಲ್ಲಿ ತಂಗುತ್ತವೆ.

ಜೇಗರ್‌ಗಳಲ್ಲಿ 3 ಜಾತಿ. ದೊಡ್ಡ ಹಕ್ಕಿಯಾದರೆ ಬಾಲದ ಉದ್ದನೆಯ ನಡುಗರಿ ನೋಡಿ ಹೇಳಬಹುದು. ಮರಿಗೆ ಆ ಗರಿ ಇನ್ನೂ ಬೆಳೆದಿರುವುದಿಲ್ಲ. ಬಣ್ಣ ನಂಬೋಣವೆಂದರೆ ಒಂದೇ ಜಾತಿಯ ಮರಿಗಳಲ್ಲೂ ತಿಳಿಕಂದು, ಕಡುಕಂದು ಎರಡೂ ಉಂಟು.

ಹಾಗಾಗಿ ಬಲ್ಲವರು ರೆಕ್ಕೆಯ ತುದಿಗರಿಗಳ ದಂಟು ಎಣಿಸುತ್ತಾರೆ. ಉದ್ದಬಾಲದ ಜೇಗರ್ ಮರಿಗೆ ಸಾಮಾನ್ಯವಾಗಿ ಹೊರಗಿನ 2 ದಂಟು ಮಾತ್ರ ಬಿಳಿ; ಪ್ಯಾರಾಸಿಟಿಕ್ ಜೇಗರ್ ಮರಿಗೆ 3 ಅಥವಾ ಹೆಚ್ಚು.

ದಂಟು ಕಾಣದಷ್ಟು ದೂರವಿದ್ದರೆ? ‘ಜೇಗರ್ ಮರಿ’ ಎಂದಷ್ಟೇ ಬರೆದಿಡುತ್ತಾರೆ. ಕಂಡಷ್ಟೇ ಬರೆದರೂ ಅದು ಸರಿಯಾದ ಉತ್ತರವೇ.