ಕಾಂಕ್ರೀಟ್ ಸಮ್ಮೇಳನಗಳಲ್ಲಿ ಸೋಲಿಗೂ ಒಂದು ಕುರ್ಚಿ ಬೇಕು

1918ರ ಜನವರಿ. ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಲಂಡನ್ನಿನ ಫ್ಯಾರಡೆ ಸೊಸೈಟಿ ಒಂದು ಸಭೆ ಕರೆಯಿತು. ಚರ್ಚೆಯ ವಿಷಯ, ಸಿಮೆಂಟು ಗಟ್ಟಿಯಾಗುವುದು ಹೇಗೆ? ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ 1824ರಲ್ಲೇ ಪೇಟೆಂಟ್ ಸಿಕ್ಕಿತ್ತು. ಅದನ್ನು ಬಳಸಿ ಬಂದರು, ಸೇತುವೆ, ಕಾರ್ಖಾನೆಗಳನ್ನೆಲ್ಲ ಕಟ್ಟಿಯಾಗಿತ್ತು. ಆದರೆ ನೀರು ಬಿದ್ದ ಪುಡಿ ಕಲ್ಲಾಗುವುದು ಯಾಕೆ ಎಂಬುದರ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿರಲಿಲ್ಲ.

ಫ್ರಾನ್ಸಿನ ಹೆನ್ರಿ ಲೆ ಶಾಟೆಲಿಯೆ 1880ರ ದಶಕದಿಂದಲೂ ಒಂದೇ ಮಾತು ಹೇಳುತ್ತ ಬಂದಿದ್ದರು: ಸಿಮೆಂಟಿನ ಕಣಗಳು ನೀರಿನಲ್ಲಿ ಕರಗಿ, ಸೂಜಿಯಂಥ ಹರಳುಗಳಾಗಿ ಮತ್ತೆ ಮೂಡಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಜರ್ಮನಿಯ ವಿಲ್‌ಹೆಲ್ಮ್ ಮೈಕೇಲಿಸ್ ಇದನ್ನು ಒಪ್ಪಿರಲಿಲ್ಲ. ಹರಳು ಮುಖ್ಯವಲ್ಲ, ಅಂಟಿನಂಥ ಲೋಳೆ ಹುಟ್ಟಿ ಬಿಗಿದುಕೊಳ್ಳುವುದೇ ಗಟ್ಟಿತನದ ಗುಟ್ಟು ಎಂಬುದು ಅವರ ವಾದ. ಲಂಡನ್ ಸಭೆಯ ಹೊತ್ತಿಗೆ ಮೈಕೇಲಿಸ್ ತೀರಿಕೊಂಡು ಏಳು ವರ್ಷವಾಗಿತ್ತು. ಆದರೂ ಲೆ ಶಾಟೆಲಿಯೆ ಅಲ್ಲಿಗೆ ಕೊಟ್ಟ ಪ್ರಬಂಧದಲ್ಲಿ ಆ ವಾದವನ್ನೇ ಎದುರು ಹಾಕಿಕೊಂಡರು. ಮುಂದಿನ ದಶಕಗಳ ಸಂಶೋಧನೆ ಇಬ್ಬರಿಗೂ ಅರ್ಧರ್ಧ ಅಂಕ ಕೊಟ್ಟಿತು. ಬಲ ಕೊಡುವುದು ಬಹುಪಾಲು ಆ ಲೋಳೆಯೇ ಹೌದು, ಆದರೆ ಅದು ಹುಟ್ಟುವುದು ಲೆ ಶಾಟೆಲಿಯೆ ಹೇಳಿದಂತೆ ಕಣಗಳು ಕರಗಿದ ಮೇಲೆ. ಸಿಮೆಂಟ್ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಮ್ಮೇಳನಗಳ ಸಾಲಿನಲ್ಲಿ ಈ ಸಭೆಯನ್ನೇ ಇಂದು ಮೊದಲನೆಯದೆಂದು ಎಣಿಸುತ್ತಾರೆ. ಎರಡನೆಯದು ನಡೆದದ್ದು ಇಪ್ಪತ್ತು ವರ್ಷಗಳ ನಂತರ, 1938ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಆಮೇಲೆ ಲಂಡನ್, ವಾಷಿಂಗ್ಟನ್, ಟೋಕಿಯೊ, ಮಾಸ್ಕೊ, ಪ್ಯಾರಿಸ್, ರಿಯೊ. 1992ರಲ್ಲಿ ಒಂಬತ್ತನೆಯ ಸಮ್ಮೇಳನ ನವದೆಹಲಿಗೂ ಬಂತು. 2023ರಲ್ಲಿ ಬ್ಯಾಂಕಾಕ್‌ನಲ್ಲಿ ಸೇರಿದ್ದು ಹದಿನಾರನೆಯದು.

ಅದೇ 1918ರಲ್ಲಿ ಷಿಕಾಗೊದ ಡಫ್ ಏಬ್ರಮ್ಸ್ ತಮ್ಮ ನಿಯಮವನ್ನು ಪ್ರಕಟಿಸಿದರು. ಕಾಂಕ್ರೀಟಿನ ಬಲ ನಿಂತಿರುವುದು ಮುಖ್ಯವಾಗಿ ನೀರು ಮತ್ತು ಸಿಮೆಂಟಿನ ಅನುಪಾತದ ಮೇಲೆ. ನೀರು ಹೆಚ್ಚಿದಷ್ಟೂ ಬಲ ಕಡಿಮೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ಓದುವ ಪಾಠ ಇದು. ಆದರೆ ಯಾವುದಾದರೂ ಬಡಾವಣೆಯಲ್ಲಿ ಮೋಲ್ಡ್ ಹಾಕುವ ದಿನ ಹೋಗಿ ನೋಡಬೇಕು. 50 ಕೆ.ಜಿ.ಯ ಒಂದು ಮೂಟೆಗೆ 25 ಲೀಟರ್ ನೀರು ಹಾಕಿದರೆ ಅನುಪಾತ 0.5. ಮಾಲು ಗಟ್ಟಿಯಾಗಿದೆ, ಕಂಬಿಗಳ ಸಂದಿಗೆ ಇಳಿಯುತ್ತಿಲ್ಲ ಎಂದು ಮೇಲಿನಿಂದ ಯಾರೋ ಕೂಗುತ್ತಾರೆ. ಮಿಕ್ಸರ್ ಪಕ್ಕ ನಿಂತವನು ಹತ್ತು ಲೀಟರಿನ ಬಕೆಟ್ಟೊಂದನ್ನು ಎತ್ತಿ ಸುರಿಯುತ್ತಾನೆ. ಅನುಪಾತ 0.7ಕ್ಕೇರಿತು, ಬಲದಲ್ಲಿ ಸುಮಾರು ಮೂರನೇ ಒಂದು ಭಾಗ ಹೋಯಿತು. ಏಬ್ರಮ್ಸ್ ನಿಯಮಕ್ಕೆ ನೂರು ವರ್ಷ ದಾಟಿದೆ. ಆ ಬಕೆಟ್ ಇನ್ನೂ ಅಲ್ಲೇ ಇದೆ.

ಸಮ್ಮೇಳನಗಳಿಂದ ಪ್ರಯೋಜನವೇ ಇಲ್ಲ ಎಂದು ಇದರ ಅರ್ಥವಲ್ಲ. ಎಲ್ಲಿ ಸೋಲನ್ನು ಮುಚ್ಚುಮರೆಯಿಲ್ಲದೆ ಮೇಜಿನ ಮೇಲೆ ಇಟ್ಟರೋ ಅಲ್ಲಿ ಪ್ರಯೋಜನ ಆಗಿದೆ. ಇದಕ್ಕೆ ಐಸ್‌ಲ್ಯಾಂಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1940ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಸ್ಟಾಂಟನ್ ಒಂದು ವಿಚಿತ್ರ ರೋಗವನ್ನು ಗುರುತಿಸಿದರು. ಸಿಮೆಂಟಿನಲ್ಲಿರುವ ಕ್ಷಾರ ಕೆಲವು ಜಾತಿಯ ಜಲ್ಲಿ, ಮರಳಿನ ಜೊತೆ ನಿಧಾನವಾಗಿ ವರ್ತಿಸುತ್ತದೆ. ಆಗ ಹುಟ್ಟುವ ಲೋಳೆ ನೀರು ಕುಡಿದು ಉಬ್ಬುತ್ತದೆ, ವರ್ಷಗಳ ಮೇಲೆ ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ಮೇಲೆ ಕಾಣುವುದು ನಕ್ಷೆಯ ಗೆರೆಗಳಂತೆ ಹರಡಿದ ಬಿರುಕು. ಈ ಒಂದು ರೋಗಕ್ಕಾಗಿಯೇ ಡೆನ್ಮಾರ್ಕ್‌ನಲ್ಲಿ 1974ರಲ್ಲಿ ತಜ್ಞರು ಸೇರಿದರು. ಮರುವರ್ಷವೇ ಎರಡನೆಯ ಸಭೆ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ. ಆ ದೇಶದವರ ಚಿಂತೆ ಅಲ್ಲಿಯವರೆಗೆ ಇದ್ದದ್ದು ಜಲವಿದ್ಯುತ್ ಅಣೆಕಟ್ಟುಗಳ ಬಗ್ಗೆ. ಮನೆಗಳತ್ತ ಕಣ್ಣು ಹೊರಳಿದ್ದು ಆಮೇಲೆ. ಸಮೀಕ್ಷೆ ಮಾಡಿ ನೋಡಿದರೆ ರೇಕ್ಯಾವಿಕ್‌ನ ಹೊಸ ಮನೆಗಳ ಗೋಡೆಗಳಲ್ಲೇ ರೋಗ ಕೂತಿತ್ತು. ಅಕ್ರಾನೆಸ್ ಊರಿನ ಕಾರ್ಖಾನೆಯ ಸಿಮೆಂಟಿನಲ್ಲಿ ಕ್ಷಾರ ವಿಪರೀತ. ಸಮುದ್ರದ ತಳದಿಂದ ಬಾಚಿದ ಮರಳನ್ನು ತೊಳೆಯದೆ ಬಳಸುತ್ತಿದ್ದರು. ಅದರ ಮೇಲೆ ಗಾಳಿಮಳೆ.

ಐಸ್‌ಲ್ಯಾಂಡ್ ಅವಮಾನವಾಯಿತೆಂದು ಸುಮ್ಮನೆ ಕೂರಲಿಲ್ಲ. 1979ರಿಂದ ಮನೆ ಕಟ್ಟುವ ಸಿಮೆಂಟಿಗೆಲ್ಲ ಸಿಲಿಕಾ ಫ್ಯೂಮ್ ಬೆರೆಸುವ ಪದ್ಧತಿ ಬಂತು, ಸಮುದ್ರದ ಮರಳನ್ನು ತೊಳೆದೇ ಬಳಸಬೇಕೆಂಬ ಕಟ್ಟುಪಾಡು ಬಂತು. ಸಿಲಿಕಾ ಫ್ಯೂಮ್ ಎಂದರೆ ಫೆರೋಸಿಲಿಕಾನ್ ಕುಲುಮೆಯ ಹೊಗೆಯಲ್ಲಿ ಹಾರಿಹೋಗುವ ಅತಿ ನಯವಾದ ಧೂಳು. ಅಂಥ ಕಾರ್ಖಾನೆಯೊಂದು ಅದೇ 1979ರಲ್ಲಿ ಅಕ್ರಾನೆಸ್ ಹತ್ತಿರದಲ್ಲೇ ಶುರುವಾಗಿತ್ತು. ಪಕ್ಕದ ಊರಿನ ಹೊಗೆಯೇ ಔಷಧಿಯಾಯಿತು. ಆಮೇಲೆ ಕಟ್ಟಿದ ಮನೆಗಳಲ್ಲಿ ಆ ರೋಗ ಗಂಭೀರವಾಗಿ ತಲೆಯೆತ್ತಲಿಲ್ಲ.

ಇಂಥ ತ್ಯಾಜ್ಯಗಳನ್ನೇ ಸಮ್ಮೇಳನದ ವಸ್ತು ಮಾಡಿದವರು ಕೆನಡಾದಲ್ಲಿ ನೆಲೆಸಿದ ಭಾರತ ಮೂಲದ ವಿ. ಮೋಹನ್ ಮಲ್ಹೋತ್ರಾ. 1983ರಲ್ಲಿ ಕ್ವಿಬೆಕ್ ಪ್ರಾಂತ್ಯದ ಮಾಂಟೆಬೆಲ್ಲೊದಲ್ಲಿ ಅವರು ಹಾರುಬೂದಿ, ಸಿಲಿಕಾ ಫ್ಯೂಮ್, ಕಬ್ಬಿಣದ ಕುಲುಮೆಯ ಕಿಟ್ಟಗಳ ಕುರಿತೇ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿದರು. ಆ ಸರಣಿ ಮ್ಯಾಡ್ರಿಡ್, ಟ್ರಾಂಡ್‌ಹೈಮ್, ಇಸ್ತಾಂಬುಲ್ ಸುತ್ತಿ 2001ರಲ್ಲಿ ಚೆನ್ನೈಗೆ ಬಂತು. ಅಲ್ಲಿ ಚರ್ಚೆಯಾದ ಬೂದಿ ಇಂದು ನಮ್ಮೂರಿನ ಅಂಗಡಿಯ ಪಿಪಿಸಿ ಸಿಮೆಂಟಿನ ಮೂಟೆಯೊಳಗಿದೆ. ನಮ್ಮ ಮಾನಕದ ಪ್ರಕಾರ ಅದರಲ್ಲಿ 15ರಿಂದ 35 ಶೇಕಡಾ ಹಾರುಬೂದಿ ಇರಬಹುದು. ಮೂಟೆಯ ಮೇಲೆ ಅದನ್ನು ಅಚ್ಚು ಹಾಕಿರುತ್ತಾರೆ. ಆದರೆ ಬೂದಿ ಬೆರೆತ ಸಿಮೆಂಟಿಗೆ ಕ್ಯೂರಿಂಗ್ ಹೆಚ್ಚು ದಿನ ಬೇಕು ಎಂಬ ಮಾತು ಮೂಟೆಯಷ್ಟು ದೂರ ಪಯಣಿಸಲಿಲ್ಲ. ಐಎಸ್ 456 ಸಂಹಿತೆ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬೆರಕೆ ಸಿಮೆಂಟಿಗೆ ಕನಿಷ್ಠ 10 ದಿನ ಎನ್ನುತ್ತದೆ. ಬೆರಕೆ ಸಿಮೆಂಟಿಗೆ ಅದನ್ನು 14 ದಿನಕ್ಕೆ ಹೆಚ್ಚಿಸಿದರೆ ಒಳ್ಳೆಯದೆಂದೂ ಹೇಳುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ಲಿನಲ್ಲಿ ಹದಿನಾಲ್ಕು ದಿನ ನೀರು ಕಟ್ಟಿ ನಿಲ್ಲಿಸುವ ಮನೆ ಎಷ್ಟಿವೆ?

ನಮ್ಮದೇ ನೆಲದ ದೊಡ್ಡ ಸೋಲಿನ ಕಥೆ ಕೈಗಾ ಅಣುವಿದ್ಯುತ್ ಸ್ಥಾವರದ್ದು. 1994ರ ಮೇ 13ರಂದು, ನಿರ್ಮಾಣ ನಡೆಯುತ್ತಿದ್ದಾಗಲೇ, ಅಲ್ಲಿನ ಮೊದಲ ಘಟಕದ ಒಳಗುಮ್ಮಟದ ಕೆಳಪದರ ಬೇರ್ಪಟ್ಟು ಬಿತ್ತು. ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟ್. ಕಾರ್ಮಿಕರು ಗಾಯಗೊಂಡರು. ಆಗ ಸ್ಥಾವರ ಇನ್ನೂ ಚಾಲನೆಗೆ ಬಂದಿರಲಿಲ್ಲ. ಇಂಥ ಗುಮ್ಮಟದೊಳಗೆ ಕೊಳವೆಗಳಲ್ಲಿ ಉಕ್ಕಿನ ಕೇಬಲ್ ಹಾಯಿಸಿ ಬಿಗಿಯುತ್ತಾರೆ. ಬಾಗಿದ ಕೇಬಲ್ ಬಿಗಿದಷ್ಟೂ ಪದರಗಳನ್ನು ಬೇರೆ ಮಾಡುವ ಎಳೆತ ಹುಟ್ಟುತ್ತದೆ, ಕೊಳವೆಗಳು ಒತ್ತೊತ್ತಾಗಿದ್ದಲ್ಲಿ ಕಾಂಕ್ರೀಟ್ ತೆಳುವಾಗುತ್ತದೆ. ಅಮೆರಿಕದ ಫ್ಲಾರಿಡಾದ ಎರಡು ಸ್ಥಾವರಗಳ ಗುಮ್ಮಟಗಳಲ್ಲಿ 1970 ಮತ್ತು 1976ರಲ್ಲಿ ಇದೇ ರೀತಿ ಪದರಗಳು ಬೇರ್ಪಟ್ಟಿದ್ದವು. ಕೈಗಾದಲ್ಲಿ ವಿನ್ಯಾಸವನ್ನು ತಿದ್ದಿ, ಸಿಲಿಕಾ ಫ್ಯೂಮ್ ಸೇರಿಸಿದ ಎಂ-60 ದರ್ಜೆಯ ಕಾಂಕ್ರೀಟಿನಲ್ಲಿ ಗುಮ್ಮಟವನ್ನು ಮತ್ತೆ ಕಟ್ಟಿದರು. ಐಸ್‌ಲ್ಯಾಂಡಿನ ಮನೆಗಳನ್ನು ಉಳಿಸಿದ ಪುಡಿ ಕಾಳಿ ನದಿಯ ದಂಡೆಗೂ ಬಂತು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ತಜ್ಞರು 2001ರಲ್ಲಿ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ಗುಮ್ಮಟದ ಪದರ ಬೇರ್ಪಡುವುದರ ಬಗ್ಗೆಯೇ ಪ್ರಬಂಧ ಓದಿದರು. ಮೆಚ್ಚಬೇಕಾದ ಕೆಲಸ. ಕಾರವಾರದ ಕಾಲೇಜಿನಲ್ಲಿ ಸಿವಿಲ್ ಓದುವ ಹುಡುಗಿಯೊಬ್ಬಳ ಕೈಗೂ ಅದು ಅಷ್ಟೇ ಸಲೀಸಾಗಿ, ಅವಳ ಭಾಷೆಯಲ್ಲಿ ಸಿಗುವಂತಾದರೆ ಇನ್ನೂ ಮೆಚ್ಚಬಹುದು.

ಇಂದಿನ ಬಹುಪಾಲು ಸಮ್ಮೇಳನಗಳ ಗತ್ತೇ ಬೇರೆ. ತಾರಾ ಹೋಟೆಲಿನ ಸಭಾಂಗಣ, ಹೊರಗೆ ಕಂಪನಿಗಳ ಸ್ಟಾಲು, ಒಳಗೆ ಸಾಲು ಸಾಲು ಯಶೋಗಾಥೆ. ವಿಷಯ ಮಾತ್ರ ನಮಗೆ ತೀರಾ ಹತ್ತಿರದ್ದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಶುರುವಾಗಿ, ಹವಾನಾ ದಾಟಿ, 2019ರಲ್ಲಿ ನವದೆಹಲಿಗೆ ಬಂದ ಸಮ್ಮೇಳನ ಸರಣಿಯ ವಸ್ತು ಸುಟ್ಟ ಜೇಡಿಮಣ್ಣು. ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ತಯಾರಿಸಲು 1450 ಡಿಗ್ರಿ ಬೇಕು, ಈ ಮಣ್ಣಿಗೆ ಸುಮಾರು 800 ಡಿಗ್ರಿ ಸಾಕು. ಕ್ಲಿಂಕರನ್ನು ಅರ್ಧಕ್ಕಿಳಿಸಿ ಆ ಜಾಗಕ್ಕೆ ಸುಟ್ಟ ಮಣ್ಣು, ಸುಣ್ಣದಕಲ್ಲು ಸೇರಿಸುವ ಸಿಮೆಂಟಿಗೆ ಭಾರತ 2023ರಲ್ಲಿ ಮಾನಕವನ್ನೂ ಕೊಟ್ಟಿದೆ. ಸುರ್ಕಿ ಗಾರೆಯಲ್ಲಿ ಕಟ್ಟಿದ ಕನ್ನಂಬಾಡಿ ಕಟ್ಟೆಯನ್ನು ಕಂಡವರಿಗೆ ಇದು ತೀರಾ ಹೊಸದೆನಿಸದು. ಇಟ್ಟಿಗೆಪುಡಿ, ಸುಣ್ಣ ಅರೆದು ಗಾರೆ ಮಾಡುತ್ತಿದ್ದ ಕಾಲದಿಂದ ಬಂದ ಅನುಭವವಿರುವ ನಾಡು, ಇಂಥ ಚರ್ಚೆಯಲ್ಲಿ ಬರೀ ಕೇಳುಗನಾಗಿ ಕೂರಬೇಕಿಲ್ಲ.

ಕರ್ನಾಟಕದಲ್ಲಿ ನಡೆಯುವ ಯಾವುದೇ ಕಾಂಕ್ರೀಟ್ ಸಮ್ಮೇಳನ ಅರ್ಧ ದಿನವನ್ನಾದರೂ ಬಿರುಕು ಬಿಟ್ಟ, ಕುಸಿದ, ಸೋರಿದ ಕಾಮಗಾರಿಗಳಿಗೆ ಮೀಸಲಿಡಬೇಕು. ಸೋಲನ್ನು ಒಪ್ಪಿಕೊಂಡರೆ ಕೋರ್ಟು, ಗುತ್ತಿಗೆ, ಬಡ್ತಿ ಎಲ್ಲಕ್ಕೂ ಕುತ್ತು ಎಂಬ ಎಂಜಿನಿಯರುಗಳ ಅಳುಕು ಸುಳ್ಳಲ್ಲ. ಇದಕ್ಕೆ ಬ್ರಿಟನ್ 2005ರಲ್ಲೇ ದಾರಿ ಹುಡುಕಿತು. ಅಲ್ಲಿನ ಕ್ರಾಸ್ ಎಂಬ ವ್ಯವಸ್ಥೆಗೆ ಎಂಜಿನಿಯರುಗಳು ಗುಟ್ಟಾಗಿ ವರದಿ ಕಳಿಸುತ್ತಾರೆ. ಕಟ್ಟಡದ, ಕಂಪನಿಯ, ಬರೆದವರ ಗುರುತು ಅಳಿಸಿ, ತಜ್ಞರ ಟಿಪ್ಪಣಿಯೊಂದಿಗೆ ಅದು ಪ್ರಕಟವಾಗುತ್ತದೆ. ನಮ್ಮ ಲೋಕೋಪಯೋಗಿ ಇಲಾಖೆ, ತಾಂತ್ರಿಕ ವಿಶ್ವವಿದ್ಯಾಲಯ, ಎಂಜಿನಿಯರುಗಳ ಸಂಘಗಳು ಸೇರಿದರೆ ಇಲ್ಲೂ ಇದು ಆಗದ ಕೆಲಸವಲ್ಲ. ಆ ವರದಿಗಳು ಕನ್ನಡದಲ್ಲೂ ಬರಲಿ. ಸಮ್ಮೇಳನದ ಆ ಅರ್ಧ ದಿನಕ್ಕೆ ಮೇಸ್ತ್ರಿಗಳಿಗೆ ನೋಂದಣಿ ಶುಲ್ಕ ಬೇಡ, ತಪ್ಪಿದ ದಿನಗೂಲಿಯನ್ನು ಸ್ಟಾಲು ಹಾಕುವ ಕಂಪನಿಗಳಿಂದಲೇ ವಸೂಲು ಮಾಡಿ ಕೊಡಲಿ.