ದುಡ್ಡು ನಮ್ಮದು, ಬೀಗದ ಕೈ ಅವರದು

ಕಳೆದ ಸಲ ಊರಿಗೆ ಹೋದಾಗ ಚಿಕ್ಕಮ್ಮ ಮೊಬೈಲ್ ಕೈಗಿತ್ತು, ‘ನೀನು ಇಂಜಿನಿಯರಿಂಗ್ ಓದೋನಲ್ವೇನೋ, ನನ್ನ ಹಾಡೆಲ್ಲ ಎಲ್ಲಿ ಹೋದ್ವು ನೋಡು’ ಎಂದರು. ದೇವರನಾಮ, ಭಾವಗೀತೆ, ಹಳೇ ಸಿನಿಮಾ ಹಾಡು ಅಂತ ವರ್ಷಗಟ್ಟಲೆ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದರು. ಅವರು ಬಳಸುತ್ತಿದ್ದ ಆ್ಯಪ್ ಬಾಗಿಲು ಹಾಕಿತ್ತು. ಮೆಮೊರಿ ಕಾರ್ಡ್ ಜಾಲಾಡಿದೆ. ಫೈಲುಗಳೇನೋ ಹಾಗೇ ಇದ್ದವು, ಆದರೆ ಎಲ್ಲವೂ ಎನ್‌ಕ್ರಿಪ್ಟ್ ಆಗಿದ್ದವು. ‘ಡಬ್ಬಿ ನಿಮ್ಮ ಹತ್ರಾನೇ ಇದೆ ಚಿಕ್ಕಮ್ಮ, ಬೀಗದ ಕೈ ಅವರು ತಗೊಂಡು ಹೋದ್ರು’ ಎಂದೆ. ‘ಮತ್ತೆ ತಿಂಗಳು ತಿಂಗಳು ದುಡ್ಡು ಕಟ್ಟಿದ್ದು ಯಾತಕ್ಕೆ?’ ಅಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಇದೇ ಪ್ರಶ್ನೆಯನ್ನು ಯುರೋಪಿನ ಗೇಮರ್‌ಗಳು ದೊಡ್ಡದಾಗಿ ಎತ್ತಿದ್ದಾರೆ. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಎಂಬ ಕಾರ್ ರೇಸಿಂಗ್ ಗೇಮ್ 2014ರಲ್ಲಿ ಬಂದಿತ್ತು. 2024ರ ಮಾರ್ಚ್ 31ಕ್ಕೆ ಅದರ ಸರ್ವರ್ ನಿಂತಿತು. ಒಬ್ಬರೇ ಆಡುವುದಿದ್ದರೂ ಸರ್ವರ್ ಸಂಪರ್ಕ ಬೇಕಿದ್ದ ಗೇಮ್ ಅದು. ಹಾಗಾಗಿ ಡಿಸ್ಕ್ ಕೊಂಡವರಿಗೂ ಉಳಿದದ್ದು ಬರೀ ತಟ್ಟೆ. ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ಇದನ್ನೇ ಹಿಡಿದು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಅಭಿಯಾನ ಶುರು ಮಾಡಿದರು. ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಿಸುವ ನಾಗರಿಕರ ಮನವಿಗೆ 2025ರ ಜುಲೈನಲ್ಲಿ ಸಹಿಗಳ ಸಂಖ್ಯೆ 10 ಲಕ್ಷ ದಾಟಿತು.

ನನ್ನ ರೂಮ್‌ಮೇಟ್ ಇದನ್ನು ಒಪ್ಪುವುದಿಲ್ಲ. ‘ಸರ್ವರ್ ಏನು ಪುಕ್ಕಟೆ ಓಡುತ್ತಾ? ಹತ್ತು ಜನ ಆಡೋ ಗೇಮಿಗೆ ಎಷ್ಟು ವರ್ಷ ಕರೆಂಟ್ ಬಿಲ್ ಕಟ್ಟಬೇಕು?’ ಎನ್ನುತ್ತಾನೆ. ಮಾತು ಸರಿಯೇ. ಆದರೆ ಆ ಮನವಿ ಸರ್ವರ್ ಸದಾಕಾಲ ನಡೆಸಿ ಎಂದು ಕೇಳುತ್ತಿಲ್ಲ. ಅಂಗಡಿ ಮುಚ್ಚುವಾಗ ಗೇಮನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ ಎನ್ನುತ್ತಿದೆ, ಅಷ್ಟೇ. ಮೊದಲೇ ಹಾಗೆ ವಿನ್ಯಾಸ ಮಾಡಿದರೆ ಇದು ಅಂಥ ಕಷ್ಟದ ಕೆಲಸವೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಇನ್ನೊಂದು ಕಾನೂನು ಜಾರಿಯಲ್ಲಿದೆ: ಕೊಡುತ್ತಿರುವುದು ಬರೀ ಲೈಸೆನ್ಸ್ ಆದರೆ, ಅದನ್ನು ಸ್ಪಷ್ಟವಾಗಿ ಹೇಳದೆ ‘ಬೈ’ ಎಂಬ ಬಟನ್ ಇಡುವಂತಿಲ್ಲ. ಬಟನ್ ಮೇಲಿನ ಒಂದು ಪದಕ್ಕೆ ಕಾನೂನು ಬೇಕಾಯಿತಲ್ಲ ಎಂದು ಮೊದಲು ನಗು ಬಂತು. ಚಿಕ್ಕಮ್ಮನ ಮುಖ ನೆನಪಾಗಿ ನಗು ನಿಂತಿತು.

ನಮಗೂ ಇದು ಹೊಸದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ, 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಸರ್ವರ್ ಬಂದ್ ಆಯಿತು. ಮರುವರ್ಷ ಅದೇ ಗೇಮ್ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮಾಯವಾಯಿತು, 2023ರಲ್ಲಿ ಮತ್ತೆ ಬಂತು. ಕಾರಣ ಸರ್ಕಾರದ್ದೋ ಕಂಪನಿಯದ್ದೋ, ಪಾಕೆಟ್ ಮನಿಯಲ್ಲಿ ಬಂದೂಕಿಗೆ ಬಣ್ಣ ಕೊಂಡಿದ್ದ ನನ್ನ ಕ್ಲಾಸ್‌ಮೇಟ್‌ಗಳನ್ನು ಯಾರೂ ಕೇಳಲಿಲ್ಲ.

ಗೇಮ್ ಹೋದರೆ ಹೋಗಲಿ, ಓದಿಗೆ ಬೇಕಾದ ಲ್ಯಾಪ್‌ಟಾಪ್? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಭದ್ರತಾ ಅಪ್‌ಡೇಟ್ ಮಾತ್ರ ಇನ್ನೊಂದು ವರ್ಷ ಪಡೆಯುವ ದಾರಿ ಇಟ್ಟಿದ್ದಾರೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಬಹುತೇಕ 8ನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮ ಹಾಸ್ಟೆಲ್‌ನಲ್ಲಿ ಅಣ್ಣನದೋ ಅಕ್ಕನದೋ ಹಳೇ ಲ್ಯಾಪ್‌ಟಾಪ್ ತಂದವರು ಬಹಳ ಜನ. ಯಂತ್ರ ಕೆಟ್ಟಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ, ಅಷ್ಟೇ. ನಾನು 8 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ ಹಾಕಿಸಿ ಲಿನಕ್ಸ್ ಮಿಂಟ್‌ಗೆ ಹೋದೆ. ಸಿ, ಪೈಥಾನ್, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಸಲೀಸು. ವ್ಯಾಲೊರಂಟ್ ಓಡುವುದಿಲ್ಲ. ಸೆಮಿಸ್ಟರ್ ರಿಸಲ್ಟ್ ನೋಡಿದರೆ ಅದೂ ಒಳ್ಳೆಯದೇ ಆಯಿತು.

ಆಡಿಯೊ ವಿಷಯಕ್ಕೆ ಬಂದರೆ ನಮ್ಮ ಗೆಳೆಯರ ಚರ್ಚೆಯೆಲ್ಲ ‘ಲಾಸ್‌ಲೆಸ್’ ಸುತ್ತ. ಸಿಡಿ ಗುಣಮಟ್ಟ ಎಂದರೆ ಸೆಕೆಂಡಿಗೆ 1,411 ಕಿಲೋಬಿಟ್. ಐದು ನಿಮಿಷದ ಹಾಡಿಗೆ ಸುಮಾರು 53 ಎಂಬಿ. ಅದೇ ಹಾಡು 128 ಕೆಬಿಪಿಎಸ್ ಎಂಪಿ3ಯಲ್ಲಿ 5 ಎಂಬಿಯೊಳಗೆ. ವ್ಯತ್ಯಾಸ ನಿಜ. ಆದರೆ ಸಾವಿರ ರೂಪಾಯಿಯ ಬ್ಲೂಟೂತ್ ಇಯರ್‌ಬಡ್ ದಾರಿಯಲ್ಲೇ ಧ್ವನಿಯನ್ನು ಮತ್ತೊಮ್ಮೆ ಹಿಂಡಿ ಕಳಿಸುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ನಿಂತು ಲಾಸ್‌ಲೆಸ್ ಕೇಳಲು ಹೆಚ್ಚುವರಿ ದುಡ್ಡು ಕೊಡುವವರನ್ನು ಕಂಡರೆ ನನಗೆ ಆಶ್ಚರ್ಯ.

ನನಗೆ ಮುಖ್ಯ ಅನ್ನಿಸುವುದು ಫಾರ್ಮ್ಯಾಟ್ ಯಾರ ಹಿಡಿತದಲ್ಲಿದೆ ಎನ್ನುವುದು. ಎಂಪಿ3 ರೂಪಿಸಿದ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ 2017ರ ಏಪ್ರಿಲ್‌ನಲ್ಲಿ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿದಾಗ ‘ಎಂಪಿ3 ಸತ್ತಿತು’ ಎಂದು ಸುದ್ದಿಯಾಯಿತು. ಆದದ್ದು ತದ್ವಿರುದ್ಧ: ಪೇಟೆಂಟ್ ಮುಗಿದು ಅದು ಎಲ್ಲರದ್ದೂ ಆಯಿತು. 2001ರಲ್ಲಿ ಬಂದ ಫ್ಲ್ಯಾಕ್ ಮೊದಲಿನಿಂದಲೂ ಮುಕ್ತ. 2024ರ ಡಿಸೆಂಬರ್‌ನಲ್ಲಿ ಅದರ ವಿವರಗಳು ಇಂಟರ್‌ನೆಟ್ ಮಾನದಂಡವಾಗಿಯೂ ಪ್ರಕಟವಾದವು. ಯಾವ ಕಂಪನಿ ಮುಚ್ಚಿದರೂ ಇವನ್ನು ನುಡಿಸುವ ಪ್ಲೇಯರನ್ನು ಯಾರಾದರೂ ಬರೆದುಕೊಳ್ಳಬಹುದು.

ಇದು ತಲೆಗೆ ಹೋಗಿದ್ದು ಅಜ್ಜಿಯ ಫೈಲಿನಿಂದ. ಅಪ್ಪನ ಹಳೇ ಕೀಪ್ಯಾಡ್ ಫೋನಿನಲ್ಲಿ ಅಜ್ಜಿ ಹಾಡಿದ ಸೋಬಾನೆ ಪದ ಹನ್ನೊಂದು ನಿಮಿಷದಷ್ಟಿತ್ತು. ಎಎಂಆರ್ ಫಾರ್ಮ್ಯಾಟ್, ಬರೀ 1 ಎಂಬಿ. ಈಗಿನ ಫೋನು ‘ಫೈಲ್ ತೆರೆಯಲಾಗದು’ ಎಂದಿತು. ಎದೆ ಧಸಕ್ಕೆಂದಿತು, ಏಕೆಂದರೆ ಅಜ್ಜಿ ಈಗಿಲ್ಲ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಹಾಕಿದಾಗ ನುಡಿಯಿತು. ಎಫ್‌ಎಫ್‌ಎಂಪೆಗ್‌ನಿಂದ ವೇವ್ ಫೈಲ್ ಮಾಡಿದೆ. ಗಾತ್ರ ಹತ್ತು ಪಟ್ಟಾಯಿತು, ಧ್ವನಿ ಎಳ್ಳಷ್ಟೂ ತಿಳಿಯಾಗಲಿಲ್ಲ. ಫೋನ್ ಮಾತಿಗೆಂದು ಮಾಡಿದ ಆ ಫಾರ್ಮ್ಯಾಟ್ ಸುಮಾರು 3,400 ಹರ್ಟ್ಸ್ ಮೇಲಿನದ್ದನ್ನು ರೆಕಾರ್ಡ್ ಮಾಡುವಾಗಲೇ ಬಿಟ್ಟುಬಿಟ್ಟಿರುತ್ತದೆ. ಹಾಡುವಾಗ ಅಜ್ಜಿ ಕೈಯಾಡಿಸುತ್ತಿದ್ದುದು ನನಗೆ ನೆನಪಿದೆ, ಅದರಲ್ಲಿ ಬಳೆ ಸದ್ದೇ ಇಲ್ಲ.

ಪೆನ್‌ಡ್ರೈವ್‌ನಲ್ಲೊಂದು, ಹಾರ್ಡ್‌ಡಿಸ್ಕ್‌ನಲ್ಲೊಂದು ಪ್ರತಿ ಇಟ್ಟಿದ್ದೇನೆ. ಚಿಕ್ಕಮ್ಮನ ಮೊಬೈಲಿಗೂ ಹಾಕಿಕೊಡಬೇಕು. ಆ ಪದಗಳಲ್ಲಿ ಅರ್ಧ ಅವರಿಗೂ ಬಾಯಿಗೆ ಬರುತ್ತವಂತೆ. ದಸರಾ ರಜೆಗೆ ಹೋದಾಗ ನೇರ ವೇವ್‌ನಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತೇನೆ, ಬಳೆ ಸದ್ದಿನ ಸಮೇತ.